ಪೇಟಿ ಅಂಗಡಿಯ ಮುಂದೆ ನಿಂತ ಮೋಟಾರು

ಬಿಂದುಮಾಧವರಿಗೆ ಮೋಟಾರಿನ ಬಗ್ಗೆ ಗೊತ್ತಿದ್ದದ್ದು ಒಂದೇ ಸಂಗತಿ: ಅದು ಬಂದಾಗ ದಾರಿ ಬಿಡಬೇಕು. ಇಂಥವರ ಅಂಗಡಿಯನ್ನು ಹುಡುಕಿಕೊಂಡು ಮುಂದೆ ಗೋವೆಯಿಂದ ಘಟ್ಟ ಹತ್ತಿ ಓಟದ ಕಾರುಗಳು ಬರುವಂತಾಯಿತು ಎಂದರೆ ಹೊರಗಿನವರು ನಂಬುವುದಿಲ್ಲ. ಧಾರವಾಡದವರು ನಂಬುತ್ತಾರೆ. ಏಕೆಂದರೆ ಅವರೆಲ್ಲ ಆ ದಿನ ಅಂಗಡಿಯ ಮುಂದೆ ನಿಂತು ಕಣ್ಣಾರೆ ನೋಡಿದವರು. ಅಂದು ಊರಲ್ಲೇ ಇಲ್ಲದವರು ಕೂಡ ನೋಡಿದ್ದೇವೆ ಎಂದೇ ಹೇಳುತ್ತಾರೆ.

ಬಿಂದುಮಾಧವರದು ಪೇಟಿ ರಿಪೇರಿಯ ಅಂಗಡಿ. ಆ ಕಡೆ ಹಾರ್ಮೋನಿಯಂಗೆ ಪೇಟಿ ಎನ್ನುತ್ತಾರೆ. ಪುಣೆ-ಬೆಂಗಳೂರು ರಸ್ತೆಗೆ ಮುಖ ಮಾಡಿದ ಒಂದು ಖೋಲಿ, ಅದರ ತುಂಬ ಬಾಯಿ ತೆರೆದು ಕೂತ ಪೇಟಿಗಳು, ನಡುವೆ ಒಂದು ಚಾಪೆ, ಚಾಪೆಯ ಮೇಲೆ ಬಿಂದುಮಾಧವರು. ಭಜನೆಯ ಮನೆಗಳಿಂದ, ಹಾಡುವವರ ಮನೆಗಳಿಂದ ಸುರ ಕೆಟ್ಟ ಪೇಟಿಗಳು ಬರುತ್ತಿದ್ದವು. ಇವರು ಒಂದೊಂದೇ ರೀಡನ್ನು ಊದಿ, ಕಿವಿ ಕೊಟ್ಟು, ಅರದಿಂದ ಕೂದಲೆಳೆಯಷ್ಟು ಸವರಿ ಸುರಕ್ಕೆ ತರುತ್ತಿದ್ದರು. ರೇಡಿಯೋದಲ್ಲಿ ಆಗ ಪೇಟಿಗೆ ಜಾಗವಿರಲಿಲ್ಲ. ಹೀಗಾಗಿ ಅಂಗಡಿ ನಡೆಯುತ್ತಿತ್ತು ಅನ್ನುವುದಕ್ಕಿಂತ ಕುಂಟುತ್ತಿತ್ತು ಅನ್ನಬಹುದು. ಆದರೂ ಬಿಂದುಮಾಧವರಿಗೆ ಅದರ ಬಗ್ಗೆ ದೂರು ಇರಲಿಲ್ಲ, ಪುಣೆಯಿಂದ ರಜನಿ ಅಕ್ಕ ಬರುವವರೆಗೆ.

ರಜನಿ ಅಕ್ಕ ಅಂದರೆ ಅವರ ಹೆಂಡತಿ ಸುಲಭಾಳ ಹಿರಿಯಕ್ಕ. ಆಕೆಯ ಗಂಡ ಪುಣೆಯಲ್ಲಿ ಕಿವಿ-ಮೂಗು-ಗಂಟಲಿನ ಸ್ಪೆಶಲಿಸ್ಟ್. ಈ ಸ್ಪೆಶಲಿಸ್ಟ್ ಎಂಬ ಶಬ್ದ ಚಟ್ನಿಯ ಜೊತೆ ಒಮ್ಮೆ, ಹುಳಿಯ ಜೊತೆ ಒಮ್ಮೆ, ಮಜ್ಜಿಗೆಯ ಜೊತೆ ಇನ್ನೊಮ್ಮೆ ಬಂತು. ಊಟ ಮುಗಿದು ಅಡಿಕೆ ಕತ್ತರಿಸುವಾಗ ಆಕೆ ಬಹಳ ಮೃದುವಾಗಿ, "ನೀವು ಇನ್ನೂ ಪೇಟೀನ ರಿಪೇರಿ ಮಾಡ್ತೀರೇನು?" ಅಂದಳು.

ಆ 'ಇನ್ನೂ' ಬಿಂದುಮಾಧವರಿಗೆ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿತು. ಅವರು ಮೀನು ತಿನ್ನುವವರಲ್ಲ, ಆದರೂ ಸಿಕ್ಕಿಕೊಂಡಿತು. ಮರುದಿನ ಬೆಳಿಗ್ಗೆ ಬೋರ್ಡು ಬರೆಯುವವನನ್ನು ಕರೆದುಕೊಂಡು ಬಂದರು. ಹಾರ್ಮೋನಿಯಂ ಟ್ಯೂನಿಂಗ್ ಸ್ಪೆಶಲಿಸ್ಟ್ ಎಂದು ಇಂಗ್ಲಿಷಿನಲ್ಲಿ ಬರೆಯಬೇಕೆಂದು ಹೇಳಿ ಊಟಕ್ಕೆ ಹೋದರು. ಬರೆಯುವವನಿಗೆ ಕೊನೆಯ ಎರಡು ಶಬ್ದಗಳ ಮೇಲೆ ಪ್ರೀತಿ ಹುಟ್ಟಿತು. ಅಕ್ಷರಗಳಿಗೆ ನೆರಳು ಕೊಟ್ಟ, ನೆರಳಿಗೆ ಅಂಚು ಕೊಟ್ಟ, ಅಂಚಿಗೆ ಹೂವು ಬಿಡಿಸಿದ. ಬಿಂದುಮಾಧವರು ಬಂದು ನೋಡಿದಾಗ ಹಾರ್ಮೋನಿಯಂಗೆ ಜಾಗವೇ ಉಳಿದಿರಲಿಲ್ಲ. ಒಳಗೆ ಪೇಟಿಗಳೇ ಕಾಣುತ್ತವಲ್ಲ, ಮತ್ತೆ ಬರೆಯುವುದೇಕೆ ಎಂದು ಅವನು ಸಮಾಧಾನ ಹೇಳಿದ. ನ್ಯಾಯವಾಗಿಯೇ ಇತ್ತು.

ಪಕ್ಕದ ಸೈಕಲ್ ಅಂಗಡಿಯ ಉಡಚಪ್ಪ ಬೋರ್ಡಿನ ಅರ್ಥ ಕೇಳಿದ. ಸ್ಪೆಶಲಿಸ್ಟ್ ಅಂದರೆ ಒಂದೇ ವಿದ್ಯೆಯಲ್ಲಿ ಪಳಗಿದವನು ಎಂದು ಬಿಂದುಮಾಧವರು ವಿವರಿಸಿದರು. ಒಂದೇ ಕೆಲಸ ಬರುತ್ತದೆ ಎಂಬುದನ್ನು ಇಷ್ಟು ದೊಡ್ಡ ಅಕ್ಷರದಲ್ಲಿ ಬರೆಸಿ ಹಾಕುವ ಧೈರ್ಯ ತನಗಂತೂ ಇಲ್ಲ ಎಂದು ಉಡಚಪ್ಪ ಮೆಚ್ಚಿಕೊಂಡ.

ಬೋರ್ಡಿನ ಬಣ್ಣ ಪೂರ್ತಿ ಆರುವ ಮೊದಲೇ ಗಿರಾಕಿ ಬಂತು. ಬಿಂದುಮಾಧವರು ಒಳಗೆ ತಲೆ ಬಗ್ಗಿಸಿ ಕೂತಿದ್ದರು. ಹೊರಗೆ ಯಾರೋ ದೀರ್ಘವಾಗಿ ಕೆಮ್ಮಿ ಸುಮ್ಮನಾದಂತೆ ಸದ್ದಾಯಿತು. ಆಮೇಲೆ ಬಾಗಿಲಲ್ಲಿ ಬಿಳಿ ಸೀರೆಯ, ಕೈಯಲ್ಲಿ ಡಾಕ್ಟರರ ಚೀಲ ಹಿಡಿದ ಹೆಣ್ಣುಮಗಳೊಬ್ಬಳು ನಿಂತಿದ್ದಳು. ಹುಬ್ಬಳ್ಳಿಯಲ್ಲಿ ಹೆರಿಗೆಯ ದವಾಖಾನೆ ನಡೆಸುತ್ತಿದ್ದ ಡಾಕ್ಟರ್ ಅಬೀದಾ ಅವರೇ ಆಕೆ. ವಿಲಾಯತಿಗೆ ಹೋಗಿ ಕಲಿತು ಬಂದವರು. ಬಿಂದುಮಾಧವರಿಗೆ ಅವರ ಹೆಸರು ಗೊತ್ತಿತ್ತು, ಮುಖ ಗೊತ್ತಿರಲಿಲ್ಲ.

"ಟ್ಯೂನಿಂಗ್ ಮಾಡೋರು ನೀವ ಏನ್ರಿ?"

"ನಾನ ರೀ. ಎಲ್ಲೆದ?"

"ಹೊರಗ ಐತಿ. ವಿಲಾಯತಿ ಮಾಲ್ರಿ. ನಾನ ಬರೋವಾಗ ಹಡಗಿನ್ಯಾಗ ತಂದೇನಿ."

ಬಿಂದುಮಾಧವರ ಮೈ ಜುಮ್ಮೆಂದಿತು. ವಿಲಾಯತಿ ಪೇಟಿಯನ್ನು ಅವರು ಮುಟ್ಟಿರಲಿಲ್ಲ. "ಡಬಲ್ ಏನ್ರಿ?" ಎಂದು ಕೇಳಿದರು. ಒಂದೊಂದು ಸುರಕ್ಕೆ ಎರಡೆರಡು ರೀಡು ಇವೆಯೇ ಎಂಬುದು ಅವರ ಪ್ರಶ್ನೆ.

"ಹೂಂ, ಎರಡ ಅದಾವ. ಎರಡೂ ಒಂದಕ್ಕೊಂದು ಹೊಂದವಲ್ವು. ಇಳಿಯೋವಾಗ ಛಲೋ ಇರತೈತಿ. ಏರಾಕ ಹತ್ತಿತಂದ್ರ ನಡುವ ಉಸಿರು ಕಟ್ಟತೈತಿ."

ಅವರೋಹದಲ್ಲಿ ಸರಿ, ಆರೋಹದಲ್ಲಿ ತೊಂದರೆ. ಇದು ಪೇಟಿಗೆ ಸಾಮಾನ್ಯ ರೋಗ. "ಹಂಗಾದ್ರ ಎಲ್ಲೋ ಗಾಳಿ ಸೋರಲಿಕ್ಕತ್ತದ್ರಿ. ಏನೂ ಕಾಳಜಿ ಮಾಡಬ್ಯಾಡ್ರಿ," ಎಂದು ಬಿಂದುಮಾಧವರು ಕಣ್ಣು ಅರ್ಧ ಮುಚ್ಚಿ ಹೇಳಿದರು.

ಡಾಕ್ಟರ್ ಅಬೀದಾ ಸುತ್ತಲಿನ ಪೇಟಿಗಳನ್ನೂ ಮರೆತು ಬೆರಗಾದರು. ಹುಬ್ಬಳ್ಳಿಯ ಮೆಕ್ಯಾನಿಕ್ಕುಗಳೆಲ್ಲ ಇಂಜಿನ್ನನ್ನೇ ಹೊರಗೆ ತೆಗೆಯಬೇಕು ಎಂದು ಹೆದರಿಸಿದ್ದರು. ಈ ಮನುಷ್ಯ ನೋಡದೆಯೇ ರೋಗ ಹೇಳುತ್ತಿದ್ದಾನೆ. ಆಕೆ ನೆಮ್ಮದಿಯಿಂದ ಕೀಲಿಕೈ ತೆಗೆದು ಅವರ ಅಂಗೈ ಮೇಲಿಟ್ಟರು. ಪೇಟಿಗೂ ಕೆಲವರು ಬೀಗ ಹಾಕುತ್ತಾರೆ, ಬಿಂದುಮಾಧವರಿಗೆ ಅನುಮಾನ ಬರಲಿಲ್ಲ. ಪೇಟಿ ಇಳಿಸಿಕೊಳ್ಳಲೆಂದು ಹೊರಗೆ ಬಂದರು.

ರಸ್ತೆಯ ಪಕ್ಕ ಕಡುಹಸಿರು ಬಣ್ಣದ, ಎರಡೇ ಸೀಟಿನ, ಮೇಲೆ ಹೊದಿಕೆಯಿಲ್ಲದ ಒಂದು ಮೋಟಾರು ಕುಕ್ಕರುಗಾಲಲ್ಲಿ ಕೂತ ಕಪ್ಪೆಯ ಹಾಗೆ ಕೂತಿತ್ತು. ಇದನ್ನು ಹತ್ತುವುದಲ್ಲ, ಇದರೊಳಗೆ ಇಳಿಯುವುದು ಎಂದು ಉಡಚಪ್ಪ ಸುತ್ತಲಿನ ಜನಕ್ಕೆ ತಿಳಿಸಿ ಹೇಳುತ್ತಿದ್ದ.

ಇಲ್ಲಿ ಬಿಂದುಮಾಧವರು ಒಂದು ಮಾತು ಆಡಬೇಕಿತ್ತು. ಆಡುವವರೂ ಇದ್ದರು. ಬಾಯಿ ತೆರೆಯುವಷ್ಟರಲ್ಲಿ ಕಾಯಿಪಲ್ಲೆಯ ಚೀಲ ಹಿಡಿದ ಸುಲಭಾ, ಏನೂ ಹಿಡಿಯದ ರಜನಿ ಅಕ್ಕ ಸಂತೆಯಿಂದ ಬಂದು ನಿಂತರು. ಡಾಕ್ಟರ್ ಅಬೀದಾ ಸುಲಭಾಳ ಕಡೆ ತಿರುಗಿ, ನಿಮ್ಮ ಯಜಮಾನರ ಹಾಗೆ ನೋಡದೆ ಪರೀಕ್ಷೆ ಮಾಡುವವರನ್ನು ನಾನು ವಿಲಾಯತಿಯಲ್ಲೂ ಕಾಣಲಿಲ್ಲ ಎಂದರು. ರಜನಿ ಅಕ್ಕನ ಹುಬ್ಬು ಮೇಲೆ ಹೋಯಿತು. ಆ ಹುಬ್ಬು ನೋಡಿದ ಮೇಲೆ ಬಿಂದುಮಾಧವರಿಗೆ ಬಾಯಿ ಮುಚ್ಚದೆ ಗತಿ ಇರಲಿಲ್ಲ.

ಹೋಗುವ ಮೊದಲು ಡಾಕ್ಟರ್ ಅಬೀದಾ ಒಂದು ಮಾತು ಹೇಳಿದರು, ನಗುತ್ತ ಹೇಳಿದರೂ ಅದು ನಗುವ ಮಾತಾಗಿರಲಿಲ್ಲ. ಹಿಂದಿನ ವಾರ ನವಲೂರ ಏರಿನಲ್ಲಿ ಗಾಡಿ ನಿಂತುಬಿಟ್ಟಿತ್ತು. ಅವರು ನಡೆದು ಹೋಗಿ ಮುಟ್ಟುವಷ್ಟರಲ್ಲಿ ಕೂಸು ಅವರಿಗಿಂತ ಮೊದಲೇ ಬಂದಿತ್ತು. "ಆ ಬಾಣಂತಿ ನಸೀಬ ಛಲೋ ಇತ್ತು, ಮಾಸ್ತರ. ಎಲ್ಲಾರದೂ ಹಂಗ ಇರಂಗಿಲ್ಲ," ಎಂದು ಹೇಳಿ, ನಾಡಿದ್ದು ಸಂಜೆ ಬರುತ್ತೇನೆಂದು ಬಸ್ಸು ಹತ್ತಿದರು.

ಬಿಂದುಮಾಧವರು ಮೋಟಾರಿನ ಸುತ್ತ ಪ್ರದಕ್ಷಿಣೆ ಹಾಕಿದರು. ಜನ ಇದೂ ಪರೀಕ್ಷೆಯ ಭಾಗವೆಂದು ತಿಳಿದು ದಾರಿ ಬಿಟ್ಟರು. ಮುಚ್ಚಳ ಎಲ್ಲಿ ತೆರೆಯುತ್ತದೆ ಎಂದು ತಿಳಿಯದೆ ಅವರು ಮೊದಲು ಹಿಂದಿನದನ್ನು ತೆರೆದರು. ಅಲ್ಲಿ ಒಂದು ಗಾಲಿ ಇತ್ತು. ಅದನ್ನೇ ಸ್ವಲ್ಪ ಹೊತ್ತು ಗಂಭೀರವಾಗಿ ನೋಡಿದರು. ಮುಂದಿನ ಮುಚ್ಚಳವನ್ನು ಉಡಚಪ್ಪ ಏನೋ ಎಳೆದು ತೆರೆದ. ಕೀಲಿ ತಿರುವಿ ಚಾಲೂ ಮಾಡುವ ಧೈರ್ಯವನ್ನೂ ಅವನೇ ಮಾಡಿದ.

ಇಂಜಿನ್ನು ಗುರುಗುಟ್ಟಿತು. ಬಿಂದುಮಾಧವರ ಮುಖದ ಮೇಲಿನ ಹೆದರಿಕೆ ಮಾಯವಾದದ್ದು ಆಗಲೇ. ಅವರು ಕಿವಿ ಬಗ್ಗಿಸಿದರು. ಒಳಗೆ ಎರಡು ಕಡೆ, ಅಂದರೆ ಡಾಕ್ಟರರು ಹೇಳಿದ ಆ ಎರಡು ಕಾರ್ಬುರೇಟರುಗಳಲ್ಲಿ, ಗಾಳಿ ಎಳೆಯುವ ಸದ್ದಿತ್ತು. ಒಂದು ಕಡೆ ಸುರ ಏರಿತ್ತು, ಇನ್ನೊಂದು ಕಡೆ ಇಳಿದಿತ್ತು. ಎರಡೂ ಸೇರಿ, ಮೊಮ್ಮಗನಿಗೆ ಶ್ರುತಿ ಕೊಡುವ ಅಜ್ಜನ ಪೇಟಿಯ ಹಾಗೆ ಅಡ್ಡಾದಿಡ್ಡಿ ನಡುಗುತ್ತಿದ್ದವು. ಯಾವ ರೀಡೆಂದು ತಿಳಿಯಿತು, ಯಾವ ತಿರುಪೆಂದು ತಿಳಿಯಲಿಲ್ಲ. ಕೈಗೆ ಸಿಕ್ಕ ಒಂದನ್ನು ಒಂದಿಷ್ಟೇ ತಿರುವಿದರು. ಮೋಟಾರು ಒಮ್ಮೆ ಬಿಕ್ಕಳಿಸಿ ನಿಂತಿತು. ಮತ್ತೆ ಏನು ಮಾಡಿದರೂ ಏಳಲಿಲ್ಲ.

ಇದೇ ಹೊತ್ತಿಗೆ ಲೈಸೆನ್ಸ್ ಇನ್ಸ್‌ಪೆಕ್ಟರ್ ಗುರುಸಿದ್ದಯ್ಯ ಸೈಕಲ್ಲಿನಿಂದ ಇಳಿದರು. ಹುಬ್ಬಳ್ಳಿ-ಧಾರವಾಡ ಎರಡೂ ಕೂಡಿ ಒಂದೇ ಕಾರ್ಪೊರೇಷನ್ ಆಗಿ ಬಹಳ ದಿನ ಆಗಿರಲಿಲ್ಲ, ಹೊಸ ಕಾನೂನಿನ ಹುರುಪು ಅವರಲ್ಲಿ ಇನ್ನೂ ಇಳಿದಿರಲಿಲ್ಲ. ಬೋರ್ಡು ನೋಡಿದರು, ಮೋಟಾರು ನೋಡಿದರು. ವಾದ್ಯ ರಿಪೇರಿಯ ಪರವಾನಗಿಯಲ್ಲಿ ಮೋಟಾರು ರಿಪೇರಿ ನಡೆಸುವಂತಿಲ್ಲ, ನಾಡಿದ್ದು ಬಂದಾಗ ಈ ಗಾಡಿ ಇಲ್ಲೇ ಬಿಚ್ಚಿ ನಿಂತಿದ್ದರೆ ಅಂಗಡಿಗೆ ಬೀಗ ಎಂದು ತಣ್ಣಗೆ ಹೇಳಿ ಹೋದರು.

ಆ ಸಂಜೆ ಬಿಂದುಮಾಧವರು ಜೋಳದ ಭಕ್ಕರಿಯನ್ನು ಮುರಿದರು, ತಿನ್ನಲಿಲ್ಲ. ರಜನಿ ಅಕ್ಕ ಹಿತ್ತಲಿಗೆ ಹೋಗುವವರೆಗೆ ಸುಲಭಾ ಕಾದು, "ಖರೇ ಹೇಳ್ರಿ. ಅದು ನಿಮಗ ಬರತದೇನು?" ಎಂದು ಕೇಳಿದಳು. ಅವರು ಇಲ್ಲವೆಂದು ತಲೆ ಅಲ್ಲಾಡಿಸಿದರು. ಆಕೆ ಬೈಯಲಿಲ್ಲ. ತಟ್ಟೆಗೆ ಇನ್ನಷ್ಟು ಬೆಣ್ಣೆ ಹಾಕಿ, ನಾಳೆ ಉಡಚಪ್ಪನನ್ನು ಕೇಳಿರಿ, ಅವನು ನಿಮ್ಮ ಮುಖ ನೋಡುತ್ತಲೇ ಇದ್ದ ಎಂದಳು. ಆ ಬೆಣ್ಣೆಯ ಉಪಕಾರವನ್ನು ಬಿಂದುಮಾಧವರು ಮುಂದೆ ಎಷ್ಟೋ ವರ್ಷ ನೆನೆಯುತ್ತಿದ್ದರು.

ಉಡಚಪ್ಪನಿಗೆ ಎಲ್ಲ ಗೊತ್ತಾಗಿತ್ತು. ಗಾಲಿಯನ್ನು ಅಷ್ಟು ಗಂಭೀರವಾಗಿ ನೋಡುವವನಿಗೆ ಮೋಟಾರು ಬರುವುದಿಲ್ಲ ಎಂದು ಅವನು ಆಗಲೇ ತೀರ್ಮಾನಿಸಿದ್ದ. ಆದರೆ ಅದನ್ನು ಯಾರ ಮುಂದೂ ಆಡಿರಲಿಲ್ಲ. ಹುಬ್ಬಳ್ಳಿ ಗಣೇಶಪೇಟೆಯಲ್ಲಿ ಶಾಬುದ್ದೀನ ಚಾಚಾ ಅಂತ ಇದ್ದಾನೆ, ಒಂದು ಕಾಲಕ್ಕೆ ಇಂಗ್ಲಿಷ್ ಸಾಹೇಬರ ಗಾಡಿಗಳೆಲ್ಲ ಅವನ ಕೈಯಲ್ಲೇ ಇದ್ದವು, ಈಗ ಅವನ ಹತ್ತಿರ ಯಾರೂ ಹೋಗುವುದಿಲ್ಲ ಎಂದ. ಏಕೆ ಹೋಗುವುದಿಲ್ಲ ಎಂದು ಬಿಂದುಮಾಧವರು ಕೇಳಲಿಲ್ಲ. ಮೊದಲ ಬಸ್ಸು ಹಿಡಿದರು.

ಏಕೆ ಹೋಗುವುದಿಲ್ಲ ಎಂಬುದು ಗಣೇಶಪೇಟೆಯಲ್ಲಿ ಕೂಡಲೇ ತಿಳಿಯಿತು. ಹಿಟ್ಟಿನ ಗಿರಣಿಗಳ ಇಂಜಿನ್ನುಗಳ ಮಗ್ಗುಲಲ್ಲಿ ವರ್ಷಗಟ್ಟಲೆ ಕೂತು ಶಾಬುದ್ದೀನನ ಕಿವಿ ಮುಕ್ಕಾಲು ಹೋಗಿತ್ತು. ಗಿರಾಕಿಗಳು ಕೂಗಿ ಕೂಗಿ ದಣಿದು ಬೇರೆ ಕಡೆ ಹೋಗಿದ್ದರು. ಬಿಂದುಮಾಧವರು ಕೈಸನ್ನೆಯಲ್ಲಿ ಮೋಟಾರು ಬಿಡಿಸಿ ತೋರಿಸಿದರು, ಧಾರವಾಡ ಎಂದು ದಿಕ್ಕು ತೋರಿಸಿದರು. ಮುದುಕನ ಕಣ್ಣು ಬೆಳಗಿತು. ಪಾನಾ-ಸ್ಕ್ರೂಡ್ರೈವರುಗಳ ಚೀಲ ಹೆಗಲಿಗೇರಿಸಿ, ಏಕೆ ಏನು ಎಂದು ಕೇಳದೆ ಜೊತೆಗೆ ಹೊರಟುಬಿಟ್ಟ.

ಕೇಳಿದ್ದು ಬಸ್ಸಿನಲ್ಲಿ. ಬಸ್ಸು ತುಂಬಿತ್ತು. ಮುಂದಿನ ಸೀಟಿನಲ್ಲಿ ಒಬ್ಬ ನರ್ಸಮ್ಮ, ಹಿಂದಿನ ಸೀಟಿನಲ್ಲಿ ಯಾರೋ ಪೇಪರು ಓದುತ್ತಿದ್ದರು. ಶಾಬುದ್ದೀನ, ಕಿವುಡರ ದೊಡ್ಡ ದನಿಯಲ್ಲಿ, ಮಾಸ್ತರರು ಈ ಧಂದೆಗೆ ಇಳಿದು ಎಷ್ಟು ವರ್ಷವಾಯಿತೆಂದು ವಿಚಾರಿಸಿದ. ಬಿಂದುಮಾಧವರು ಅವನ ಕಿವಿಯಲ್ಲಿ ಪಿಸುಗುಟ್ಟಿದರು. ಕೇಳಿಸಲಿಲ್ಲ. ಸ್ವಲ್ಪ ಜೋರಾಗಿ ಹೇಳಿದರು. ಕೇಳಿಸಲಿಲ್ಲ. ಉಣಕಲ್ಲು ದಾಟುವ ಹೊತ್ತಿಗೆ ಅವರ ತಾಳ್ಮೆ ಮುಗಿದಿತ್ತು. ಎದ್ದು ನಿಂತು, ಎರಡೂ ಕೈ ಬಾಯಿಗೆ ಹಚ್ಚಿ ಕೂಗಿದರು.

"ನನಗ ಮೋಟಾರಿಂದು ಏನೂ ಬರೂದಿಲ್ಲ, ಚಾಚಾ! ನಾ ಪೇಟಿ ರಿಪೇರಿ ಮಾಡಾಂವ! ಡಾಕ್ಟರ ಬಾಯಾರ ಗಾಡಿ ಕೆಡಿಸಿ ಇಟ್ಟೇನಿ!"

ಕಂಡಕ್ಟರ್ ಟಿಕೀಟು ಹರಿಯುವುದನ್ನು ನಿಲ್ಲಿಸಿದ. ನರ್ಸಮ್ಮ ತಿರುಗಿ ನೋಡಿದಳು. ಹಿಂದಿನ ಸೀಟಿನ ಪೇಪರು ಕೆಳಗಿಳಿಯಿತು. ಅದರ ಹಿಂದೆ ಗುರುಸಿದ್ದಯ್ಯ ಇದ್ದರು.

ಶಾಬುದ್ದೀನನಿಗೆ ಈ ಸಲ ಕೇಳಿಸಿತ್ತು. ಅವನು ತೊಡೆಯ ಮೇಲಿನ ಚೀಲವನ್ನು ಕೆಳಗಿಟ್ಟ. ಆಮೇಲೆ ಹೇಳಿದ: "ನಂದೂ ಅಷ್ಟ ಐತಿ, ಮಾಸ್ತರ. ಕೈಗೆ ಎಲ್ಲಾ ನೆನಪೈತಿ. ಆದ್ರ ಗಾಡಿ ಶುರು ಐತೋ ಬಂದ್ ಐತೋ ಅನ್ನೋದನ್ನ ಮುಟ್ಟಿ ನೋಡ್ಬೇಕು. ಬರಬಾರದಿತ್ತು ನಾನು. ಕೆಲಸ ಅಂದ ಕೂಡಲೇ ಆಸೆ ಆತು."

ನವಲೂರು ಬರುವಷ್ಟರಲ್ಲಿ ಬಸ್ಸಿನಲ್ಲಿ ಮಾತಾಡದವರು ಯಾರೂ ಉಳಿಯಲಿಲ್ಲ. ಇಬ್ಬರೂ ಸೇರಿದರೆ ಒಬ್ಬ ಮೆಕ್ಯಾನಿಕ್ ಆಗುತ್ತಾನೆ, ಮಾಸ್ತರು ಕೇಳಲಿ, ಚಾಚಾ ತಿರುವಲಿ ಎಂದು ಮೊದಲು ಹೇಳಿದವನು ತಾನೇ ಎಂದು ಆ ಕಂಡಕ್ಟರ್ ಕೊನೆಯವರೆಗೂ ಸಾಧಿಸಿದ. ಧಾರವಾಡದಲ್ಲಿ ಇಳಿಯುವಾಗ ಆ ಬಸ್ಸಿನ ಅರ್ಧ ಜನ ಬಿಂದುಮಾಧವರ ಅಂಗಡಿಯ ಹತ್ತಿರವೇ ಇಳಿದರು. ಅವರಲ್ಲಿ ಕೆಲವರು ಬೆಳಗಾವಿಗೆ ಹೊರಟಿದ್ದವರು.

ಆ ದಿನ ಮಧ್ಯಾಹ್ನವೆಲ್ಲ ಶಾಬುದ್ದೀನ ಒಬ್ಬನೇ ಕೆಲಸ ಮಾಡಿದ. ಬಿಂದುಮಾಧವರು ಕೆಡಿಸಿದ್ದನ್ನು ಸರಿಮಾಡಿದ, ತೊಳೆದ, ಒರೆಸಿದ, ಒಂದು ಕಡೆ ಗಾಳಿ ಸೋರುತ್ತಿದ್ದ ರಬ್ಬರನ್ನು ಬದಲಿಸಿದ. ಗಾಳಿ ನಿಜವಾಗಿಯೂ ಸೋರುತ್ತಿತ್ತು. ಇದನ್ನು ಕೇಳಿ ಹೆಚ್ಚು ಆಶ್ಚರ್ಯಪಟ್ಟವರು ಬಿಂದುಮಾಧವರೇ.

ಮರುದಿನ ಮೋಟಾರನ್ನು ಚಾಲೂ ಮಾಡಿದರು. ಸುತ್ತ ಜನ ಹಾಡಿನ ಬೈಠಕಿಗೆ ಬಂದಂತೆ ಕೂತಿದ್ದರು. ರಜನಿ ಅಕ್ಕನಿಗೆ ಉಡಚಪ್ಪ ಸ್ಟೂಲು ಕೊಟ್ಟಿದ್ದ. ಬಿಂದುಮಾಧವರು ಸೈಕಲ್ ಅಂಗಡಿಯ ರಬ್ಬರು ನಳಿಗೆಯೊಂದನ್ನು ತೆಗೆದುಕೊಂಡರು. ಪೇಟಿಯಲ್ಲಿ ಗಾಳಿ ಸೋರುವ ಜಾಗವನ್ನು ಅವರು ಹುಡುಕುತ್ತಿದ್ದದ್ದೂ ಹೀಗೆಯೇ. ಒಂದು ತುದಿ ಕಿವಿಗೆ, ಇನ್ನೊಂದು ತುದಿ ಗಾಳಿ ಎಳೆಯುವ ಬಾಯಿಗೆ. ಕಣ್ಣು ಮುಚ್ಚಿದರು. ಎಡಗೈ ಮೇಲೆತ್ತಿದರು. ಶಾಬುದ್ದೀನ ಆ ಕೈಯನ್ನೇ ನೋಡುತ್ತ ತಿರುಪನ್ನು ಏರಿಸಿದ. ಕೈ ಇಳಿಯಿತು, ಅವನು ಇಳಿಸಿದ. ಕೈ ನಡುಗಿತು, ಅವನು ಕೂದಲೆಳೆಯಷ್ಟು ಹಿಂದೆ ತಂದ.

ಗುರುಸಿದ್ದಯ್ಯ ಬೀಗ ಹಿಡಿದುಕೊಂಡು ಬಂದದ್ದು ಈ ಹೊತ್ತಿಗೆ. ಸರಿಸಿರಿ ಎನ್ನಲು ಬಾಯಿ ತೆರೆದರು. ಆದರೆ ಅವರು ಪ್ರತಿ ಸೋಮವಾರ ಭಜನೆಯಲ್ಲಿ ಕೂರುವವರು. ಆ ಎರಡು ಸದ್ದು ಒಂದರ ಹತ್ತಿರ ಒಂದು ಸರಿಯುತ್ತಿದ್ದದ್ದು ಅವರ ಕಿವಿಗೂ ಬಿತ್ತು. ಬಾಯಿ ಹಾಗೆಯೇ ಉಳಿಯಿತು.

ಅಷ್ಟರಲ್ಲಿ ಬಸ್‌ಸ್ಟ್ಯಾಂಡಿನ ಕಡೆಯಿಂದ ಒಂದು ಜಟಕಾ ಓಡೋಡಿ ಬಂದು ನಿಂತಿತು. ಅದರಿಂದ ಡಾಕ್ಟರ್ ಅಬೀದಾ ಧುಮುಕಿದರು. ಬಸ್ಸಿನಲ್ಲಿದ್ದ ನರ್ಸಮ್ಮ ಅವರದೇ ದವಾಖಾನೆಯವಳು. ಆಕೆ ಹೇಳಿದ್ದನ್ನು ಕೇಳಿದ ಡಾಕ್ಟರರು ಸಂಜೆಯವರೆಗೆ ಕಾಯದೆ, ಸಿಟ್ಟಿನಿಂದ ಕೆಂಪಾಗಿ ಬಂದಿದ್ದರು. ಮಾಸ್ತರ ಎಂದು ಕರೆಯುವಷ್ಟರಲ್ಲಿ ಗುರುಸಿದ್ದಯ್ಯ ಬೀಗ ಹಿಡಿದ ಕೈಯನ್ನೇ ಅಡ್ಡ ಹಿಡಿದು, ಪಿಸುದನಿಯಲ್ಲಿ ಹೇಳಿದರು:

"ಸ್ವಲ್ಪ ತಡೀರಿ ಬಾಯಾರ. ಸುರ ಹತ್ತಾಕತ್ತೈತಿ."

ಹತ್ತಿತು. ಎರಡು ಸದ್ದು ಒಂದಾದವು. ನಡುಕ ನಿಂತಿತು. ಮೋಟಾರು ತಂಬೂರಿಯಂತೆ ಒಂದೇ ಎಳೆಯಾಗಿ ಹರಿಯಿತು. ಶಾಬುದ್ದೀನನಿಗೆ ಅದು ಕೇಳಿಸಲಿಲ್ಲ. ಅವನು ಇಂಜಿನ್ನಿನ ಮೇಲೆ ಅಂಗೈ ಇಟ್ಟು, ಕೈಗೆ ಬಂದದ್ದನ್ನು ನಂಬದೆ ಇನ್ನೊಂದು ಅಂಗೈಯನ್ನೂ ಇಟ್ಟ. ಗುರುಸಿದ್ದಯ್ಯ ಮೈಮರೆತು "ಆಹಾ" ಎಂದರು. ಎಂದ ಮೇಲೆ ಬೀಗವನ್ನು ಏನು ಮಾಡಬೇಕೆಂದು ತಿಳಿಯದೆ ಕೋಟಿನ ಜೇಬಿಗೆ ಸೇರಿಸಿದರು. ಹಾಡನ್ನು ಮೆಚ್ಚಿ ಹಾಡಿದವನ ಮೇಲೆ ಕೇಸು ಹಾಕುವುದು ಯಾವ ಇನ್ಸ್‌ಪೆಕ್ಟರನಿಗೂ ಕಷ್ಟ.

ಬಿಂದುಮಾಧವರು ಕಣ್ಣು ತೆರೆದಾಗ ಎದುರಿಗೆ ಡಾಕ್ಟರರಿದ್ದರು. ನಳಿಗೆಯನ್ನು ಕಿವಿಯಿಂದ ತೆಗೆಯುವುದನ್ನೂ ಮರೆತು, ತಾನು ಪೇಟಿಯವನು, ತಪ್ಪಾಯಿತು ಎಂದು ತೊದಲಿದರು.

"ಇಡೀ ಬಸ್ಸಿಗೆ ಕೂಗಿ ಹೇಳಿದ್ದನ್ನ ಈಗ್ಯಾಕ ಪಿಸುಗುಡ್ತೀರಿ? ಕುಂದರ್ರಿ ಗಾಡ್ಯಾಗ," ಎಂದರು ಡಾಕ್ಟರ್ ಅಬೀದಾ.

ಬಿಂದುಮಾಧವರು ಜೀವನದಲ್ಲಿ ಮೊದಲ ಸಲ ಮೋಟಾರಿಗೆ ದಾರಿ ಬಿಡುವ ಬದಲು ಅದರೊಳಗೆ ಕೂತರು. ಗಾಡಿ ಸತ್ತೂರು ದಾಟಿ ನವಲೂರ ಏರಿಗೆ ಬಂತು. ಅವರು ಮಂತ್ರ ಹೇಳುತ್ತ ಕಣ್ಣು ಮುಚ್ಚಿದ್ದರು, ಕಿವಿ ಮಾತ್ರ ತೆರೆದಿತ್ತು. ಏರಿನ ನಡುವೆಯೂ ಎಳೆ ಕಡಿಯಲಿಲ್ಲ. ಮೇಲೆ ಹೋಗಿ ನಿಂತ ಮೇಲೆ ಡಾಕ್ಟರ್ ಅಬೀದಾ ಇಂಜಿನ್ನು ನಿಲ್ಲಿಸಿದರು. ಆಮೇಲೆ, ಇನ್ನು ಮೇಲೆ ಕೂಸುಗಳು ನನ್ನ ದಾರಿ ಕಾಯುತ್ತವೆ ಎಂದರು. ಕಣ್ಣು ಒರೆಸಿಕೊಂಡದ್ದು ಗಾಳಿಗೆಂದು ಬಿಂದುಮಾಧವರು ತಿಳಿದರು.

ಗುರುಸಿದ್ದಯ್ಯ ತಾವೇ ಮುಂದೆ ನಿಂತು ಮೋಟಾರು ರಿಪೇರಿಯ ಪರವಾನಗಿಯನ್ನೂ ಮಾಡಿಸಿಕೊಟ್ಟರು. ಗೋವೆ ನಮ್ಮದಾದ ಹೊಸತು. ಪೋರ್ತುಗೀಜರ ಕಾಲದಲ್ಲಿ ಅಲ್ಲಿ ಬಂದಿಳಿದ ಎರಡು ಸೀಟಿನ ಗಾಡಿಗಳು ಎಷ್ಟೋ ಇದ್ದವು, ಅವುಗಳ ಸುರ ಹಿಡಿಯುವವರು ಇರಲಿಲ್ಲ. ಡಾಕ್ಟರ್ ಅಬೀದಾ ಒಬ್ಬರಿಗೆ ಹೇಳಿದರು, ಅವರು ಇನ್ನೊಬ್ಬರಿಗೆ ಹೇಳಿದರು. ಶಾಬುದ್ದೀನ ಅಂಗಡಿಯಲ್ಲೇ ಉಳಿದುಕೊಂಡ, ಚಾಪೆ ಸುತ್ತಿ ಮೂಲೆಗೆ ಹೋಯಿತು, ಪೇಟಿಗಳು ಅಟ್ಟ ಹತ್ತಿದವು, ಭಜನೆಯವರವು ಮಾತ್ರ ಕೆಳಗೇ ಉಳಿದವು. ರಜನಿ ಅಕ್ಕ ಪುಣೆಗೆ ಹೋಗಿ, ನಮ್ಮ ಮನೆಯಲ್ಲಿ ಇಬ್ಬರು ಸ್ಪೆಶಲಿಸ್ಟರಿದ್ದಾರೆ ಎಂದು ಹೇಳತೊಡಗಿದಳಂತೆ.

ಧಂದೆಗೆ ಒಂದೇ ತೊಂದರೆ ಇತ್ತು. ಗಿರಾಕಿ ಬಂದ ಕೂಡಲೇ ಬಿಂದುಮಾಧವರು, ನನಗೆ ಮೋಟಾರು ಬರುವುದಿಲ್ಲ, ಎಲ್ಲ ಚಾಚಾನ ಕೈಯದು ಎನ್ನುತ್ತಿದ್ದರು. ಶಾಬುದ್ದೀನ ಎದ್ದು ಬಂದು, ನನಗೆ ಏನೂ ಕೇಳಿಸುವುದಿಲ್ಲ, ಎಲ್ಲ ಮಾಸ್ತರರ ಕಿವಿಯದು ಎನ್ನುತ್ತಿದ್ದ. ಇಬ್ಬರೂ ಇದನ್ನು ಮನಸ್ಸಿನ ತುಂಬ ಹೇಳುತ್ತಿದ್ದರು, ಒಬ್ಬರಿಗಿಂತ ಒಬ್ಬರು ಹೆಚ್ಚಾಗಿ. ಮಡಗಾಂವಿನಿಂದ ಬಂದ ಒಬ್ಬ ಸಾಹೇಬ ಇದನ್ನು ಕೇಳಿ ಬಂದ ದಾರಿಯಲ್ಲೇ ಗಾಡಿ ತಿರುಗಿಸಿದ. ಉಡಚಪ್ಪ ಸೈಕಲ್ಲು ಹತ್ತಿ ಬೆನ್ನಟ್ಟಿ ಅವನನ್ನು ತಿರುಗಿ ಕರೆತರಬೇಕಾಯಿತು. ಅಂದೇ ಸುಲಭಾ ಒಂದು ಕಟ್ಟಳೆ ಮಾಡಿದಳು: ಅಂಗಡಿಯಲ್ಲಿ ಯಾರೂ ಯಾರ ಉಪಕಾರವನ್ನೂ ನೆನೆಯಕೂಡದು.

ಬಿಂದುಮಾಧವರು ಕಟ್ಟಳೆಯನ್ನು ಪಾಲಿಸಿದರು. ಆದರೆ ಸಂಜೆ ಅಂಗಡಿ ಮುಚ್ಚುವಾಗ ಶಾಬುದ್ದೀನ ಆಚೆ, ನಿಂತ ಗಾಡಿಯ ಗಾಜಿನ ಕಡೆ ಮುಖ ಮಾಡಿ ಸೀಮೆಎಣ್ಣೆಯಲ್ಲಿ ಕೈ ತೊಳೆಯುತ್ತಿದ್ದ. ಆಗ ಅವರು ಅವನ ಬೆನ್ನಿಗೆ, ಮೆಲ್ಲಗಿನ ದನಿಯಲ್ಲಿ, ನಿನ್ನಿಂದ ನಮ್ಮ ಮನೆ ನಡೆಯಿತು ಚಾಚಾ ಎನ್ನುತ್ತಿದ್ದರು. ಕಿವುಡನಿಗೆ ಹೇಳಿದರೆ ಹೇಳಿದಂತಾಗಲಿಲ್ಲ ಎಂಬುದು ಅವರ ಲೆಕ್ಕ. ಒಂದು ಸಂಜೆ ಶಾಬುದ್ದೀನ ತಟ್ಟನೆ ತಿರುಗಿ, ಏನಂದಿರಿ ಎಂದು ಕೇಳಿಬಿಟ್ಟ. ಬಿಂದುಮಾಧವರು ದನಿ ಏರಿಸಿದರು:

"ಏನಿಲ್ಲ ಚಾಚಾ. ಚಹಾ ಆರಲಿಕ್ಕತ್ತದ, ಲಗೂ ಬಾ ಅಂದೆ."

ಶಾಬುದ್ದೀನ ಕೈ ಒರೆಸಿಕೊಳ್ಳುತ್ತ ಬಂದು ಕಪ್ಪನ್ನು ಎತ್ತಿಕೊಂಡ.

"ದಿನಾ ಅದನ್ನ ಹೇಳ್ತೀರಿ, ಮಾಸ್ತರ," ಎಂದ. "ಒಂದು ದಿನಾನೂ ಆರಿರಂಗಿಲ್ಲ."